ಹಳೇ ಮೋಟಾರ್ ದೋಣಿ ಕೊಳ್ಳುವ ಮುನ್ನ ಹಿಂಬದಿ ಹಲಗೆ ತಟ್ಟಿ ನೋಡಿ

ನಮ್ಮದು ಒಣ ಬೇಸಾಯದ ಮನೆತನ. ಘಟಪ್ರಭೆ ದಂಡೆಯ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆದುಕೊಂಡು ಬಂದವರು. ದೋಣಿಗೂ ನಮಗೂ ಸಂಬಂಧವೇ ಇರಲಿಲ್ಲ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಸಂಬಂಧ ಬೆಳೆಯಿತು.

ಮುಳುಗಡೆಯಲ್ಲಿ ನಾಲ್ಕು ಎಕರೆ ಹೋಯಿತು. ದಿಬ್ಬದ ಮೇಲಿನ ಐದು ಎಕರೆ ಉಳಿಯಿತು. ಹೊಲ ಉಳಿದರೂ ದಾರಿ ಮುಳುಗಿತು. ಜಲಾಶಯದಲ್ಲಿ 519.60 ಮೀಟರ್ ತನಕ ನೀರು ನಿಂತಾಗ ನಮ್ಮ ದಿಬ್ಬದ ಮೂರು ಕಡೆ ನೀರು. ಪುನರ್ವಸತಿ ಊರಿನಿಂದ ರಸ್ತೆ ಸುತ್ತಿ ಹೋದರೆ 19 ಕಿಲೋಮೀಟರ್. ನೀರ ಮೇಲೆ ನೇರ ಹೋದರೆ ಒಂದೂಕಾಲು ಕಿಲೋಮೀಟರ್. ಮಾಘ ಮಾಸದ ಹೊತ್ತಿಗೆ ನೀರು ಇಳಿಯುತ್ತದೆ, ಆಮೇಲೆ ನಡೆದೇ ಹೋಗಬಹುದು. ಆದರೆ ಬಿತ್ತುವ, ಕಸ ತೆಗೆಯುವ ಕಾಲಕ್ಕೆ ಬರೋಬ್ಬರಿ ನೀರು ತುಂಬಿರುತ್ತದೆ.

ಬಹಳ ವರ್ಷ ಹರಗೋಲಿನಲ್ಲಿ ದಾಟಿದೆವು. ನಾಲ್ಕು ಜನ ಕೂತರೆ ಮುಗಿಯಿತು, ಗಾಳಿ ಎದುರಾದರೆ ಮುಕ್ಕಾಲು ತಾಸು. 2016ರಲ್ಲಿ ಒಂದು ಹಳೇ ಮೋಟಾರ್ ದೋಣಿ ಕೊಂಡೆ. ಅದರಲ್ಲಿ ನಾನು ಮಾಡಿದ ತಪ್ಪು, ಆಮೇಲೆ ಕಲಿತ ಪಾಠ ಎರಡನ್ನೂ ಇಲ್ಲಿ ಬರೆದಿದ್ದೇನೆ. ಹಿನ್ನೀರಿನ ದಂಡೆಯಲ್ಲಿ ನನ್ನ ಹಾಗೆ ಮೊದಲ ಸಲ ದೋಣಿ ಕೊಳ್ಳುವವರು ಇನ್ನೂ ಇದ್ದಾರೆ.

ಬಣ್ಣ ನೋಡಿ ಕೊಂಡೆ

ಕರಾವಳಿಯ ಒಂದು ಅಳಿವೆಯ ದಂಡೆಯಲ್ಲಿ ಮೀನುಗಾರರ ಹಳೆಯ ಫೈಬರ್ ದೋಣಿಗಳು ಮಾರಾಟಕ್ಕೆ ಸಿಗುತ್ತವೆ ಎಂದು ಕೇಳಿ ಹೋದೆ. ಒಬ್ಬ ದಲ್ಲಾಳಿ ತೋರಿಸಿದ. 18 ಅಡಿ ಉದ್ದ, 5 ಅಡಿ ಅಗಲ. ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು, ಮದುಮಗನ ಹಾಗೆ ಮಿಂಚುತ್ತಿತ್ತು. ಜೊತೆಗೆ 9.9 ಅಶ್ವಶಕ್ತಿಯ ಎರಡು ಸಿಲಿಂಡರಿನ ಔಟ್‌ಬೋರ್ಡ್ ಎಂಜಿನ್. ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲು ಇಳಿಸಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಶುರು ಆಯಿತು. ನನಗೆ ಅಷ್ಟೇ ಸಾಕಾಯಿತು. 78,000 ರೂಪಾಯಿ ಎಣಿಸಿ ಕೊಟ್ಟೆ. ಲಾರಿಗೆ ಹೇರಿಕೊಂಡು ಬಂದೆ, ಅದಕ್ಕೆ 9,000.

ಊರಿನಲ್ಲಿ ಪೂಜೆ ಮಾಡಿ ಕಾಯಿ ಒಡೆದು ನೀರಿಗೆ ಬಿಟ್ಟೆವು. ಒಂದು ತಿಂಗಳು ಚಲೋ ಓಡಿತು.

ಅಕ್ಟೋಬರಿನಲ್ಲಿ ಕಡಲೆ ಬಿತ್ತಿಗೆ. ಎತ್ತು, ಕೂರಿಗೆ ಹಿಂದಿನ ದಿನವೇ ರಸ್ತೆ ಸುತ್ತಿ ಹೋಗಿದ್ದವು. ದೋಣಿಯಲ್ಲಿ ನಾನು, ಮನೆಯವಳು, ನಾಲ್ಕು ಜನ ಕೂಲಿ ಹೆಣ್ಣುಮಕ್ಕಳು, 60 ಕಿಲೋ ಬೀಜ. ನಡು ನೀರಿಗೆ ಬಂದಾಗ ಗಾಳಿ ಎದ್ದಿತು. ಅಲೆಗೆ ದೋಣಿ ಏರಿ ಇಳಿಯುವಾಗ ಎಂಜಿನ್ ಹಿಂದಕ್ಕೆ ಬಾಗತೊಡಗಿತು. ಮೊದಲು ನನ್ನ ಭ್ರಮೆ ಅಂದುಕೊಂಡೆ. ತಿರುಗಿ ನೋಡಿದರೆ ಎಂಜಿನ್ ಕಚ್ಚಿಕೊಂಡಿದ್ದ ಹಲಗೆಯೇ ಬಾಯಿ ಬಿಟ್ಟಿತ್ತು. ಬೋಲ್ಟಿನ ತೂತಿನಿಂದ ನೀರು ಬುಗ್ಗೆ ಬಂದ ಹಾಗೆ ಒಳಗೆ ಬರುತ್ತಿತ್ತು. ಎಂಜಿನ್ ಬಂದ್ ಮಾಡಿದೆ. ಹುಟ್ಟು ಇರಲಿಲ್ಲ. ಮೋಟಾರ್ ಇದ್ದ ಮೇಲೆ ಹುಟ್ಟು ಯಾಕೆ ಎಂದು ಮನೆಯಲ್ಲೇ ಬಿಟ್ಟಿದ್ದೆ. ಜಾಕೆಟ್ ಅಂತೂ ಒಂದೂ ಇರಲಿಲ್ಲ. ಹೆಣ್ಣುಮಕ್ಕಳು ಬುತ್ತಿಯ ಡಬ್ಬಿಯಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದರು. ನಾನು ಎರಡೂ ಕೈಯಿಂದ ಎಂಜಿನ್ ತಬ್ಬಿ ಹಿಡಿದಿದ್ದೆ.

ಬಲೆ ಎತ್ತುತ್ತಿದ್ದ ಒಬ್ಬ ಮೀನುಗಾರ ಹುಡುಗ ಹರಗೋಲು ತಂದು "ಕಾಕಾ, ಹಗ್ಗಾ ಹಿಡೀರಿ, ಯಾರೂ ಎದ್ದ ನಿಂದರಬ್ಯಾಡ್ರಿ" ಎಂದ. ಅವನ ಪುಣ್ಯದಿಂದ ದಂಡೆ ಸೇರಿದೆವು. ಬೀಜ ನೆನೆದು ಹೋಯಿತು. ಜನ ಉಳಿದರು.

ರಾತ್ರಿ ಮನೆಯವಳು ಒಂದೇ ಮಾತು ಹೇಳಿದಳು: "ಎತ್ತಿನ ಹಲ್ಲ ನೋಡಾಂವ, ದೋಣಿ ಹಲಗಿ ನೋಡಲಿಲ್ಲಲ್ಲ."

ಖರೆ ಮಾತು. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಗೊರಸು ಎತ್ತಿ ನೋಡುತ್ತೇವೆ, ಹೆಗಲು ಮುಟ್ಟುತ್ತೇವೆ, ಕಡೆಗೆ ಬಂಡಿಗೆ ಹೂಡಿ ಒಂದು ಸುತ್ತು ಹೊಡೆಯುತ್ತೇವೆ. ದೋಣಿಗೂ ಇದೇ ನಾಲ್ಕು ಪರೀಕ್ಷೆ ಬೇಕು.

ದೋಣಿಯ ಹೆಗಲು: ಹಿಂಬದಿ ಹಲಗೆ

ಎಂಜಿನ್ ತೂಗುವ ಹಿಂಬದಿ ಹಲಗೆಗೆ ಮೆಕ್ಯಾನಿಕ್ಕರು ಟ್ರಾನ್ಸಮ್ ಎನ್ನುತ್ತಾರೆ. ಹೊರಗೆ ಫೈಬರ್ ಕಾಣುತ್ತದೆ. ಒಳಗೆ ಇರುವುದು ಪ್ಲೈವುಡ್. 35-40 ಕಿಲೋ ಎಂಜಿನ್ನಿನ ಭಾರ, ಅದು ತಳ್ಳುವ ಒತ್ತಡ ಎಲ್ಲಾ ಈ ಹಲಗೆಯ ಮೇಲೆಯೇ.

ಬೋಲ್ಟು, ಸ್ಕ್ರೂ ಹಾಕಿದ ತೂತಿಗೆ ಸರಿಯಾಗಿ ಅಂಟು ತುಂಬದಿದ್ದರೆ ನೀರು ಒಳಗೆ ಇಳಿಯುತ್ತದೆ. ಎರಡೂ ಕಡೆ ಫೈಬರ್ ಇರುವುದರಿಂದ ಹೋದ ನೀರು ಹೊರಗೆ ಆರುವುದಿಲ್ಲ. ಒಳಗೇ ಮರ ಕೊಳೆಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತದೆ. ಇನ್ನೊಂದು ಸಂಗತಿ ನನಗೆ ಆಗ ಗೊತ್ತಿರಲಿಲ್ಲ. ಮರಕ್ಕೆ ಸಮುದ್ರದ ಉಪ್ಪುನೀರಿಗಿಂತ ಸಿಹಿನೀರೇ ಹೆಚ್ಚು ಕೆಟ್ಟದ್ದು. ಮರ ಕೊಳೆಸುವ ಬೂಷ್ಟು ಉಪ್ಪಿನಲ್ಲಿ ಅಷ್ಟು ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಅಂಗಾತ ಬಿಟ್ಟ ದೋಣಿಯಲ್ಲಿ ಮಳೆನೀರು ನಿಂತು ಹಲಗೆ ಕೊಳೆಯುತ್ತದೆ. ಉಪ್ಪು ಎಂಜಿನ್ ಕೆಡಿಸುತ್ತದೆ, ಸಿಹಿನೀರು ಹಲಗೆ ಕೆಡಿಸುತ್ತದೆ. ಇಷ್ಟು ನೆನಪಿಟ್ಟರೆ ಅರ್ಧ ಪರೀಕ್ಷೆ ಬಂದ ಹಾಗೆ.

ನೋಡುವ ರೀತಿ ಸುಲಭ. ಸುತ್ತಿಗೆಯ ಹಿಡಿಕೆಯಿಂದ ಹಲಗೆಯನ್ನು ಅಂಗುಲ ಅಂಗುಲಕ್ಕೆ ತಟ್ಟಿ. ಗಟ್ಟಿ ಇದ್ದಲ್ಲಿ ಠಣ್ ಠಣ್ ಎನ್ನುತ್ತದೆ. ಕೊಳೆತಲ್ಲಿ ಒದ್ದೆ ಗೋಡೆ ತಟ್ಟಿದ ಹಾಗೆ ದಬ್ ದಬ್. ಆಮೇಲೆ ಎಂಜಿನ್ನಿನ ಕೆಳಗಿನ ಕಾಲು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕಣ್ಣು ಹಲಗೆಯ ಮೇಲೆ ಇರಲಿ. ಹಲಗೆ ಬಾಗಿದರೆ, ಮೂಲೆಯಲ್ಲಿ ಬಿರುಕು ಬಾಯಿ ತೆರೆದರೆ ಬೇಡ. ಒಂದು ಸ್ಕ್ರೂ ಬಿಚ್ಚಿಸಿ. ತೂತಿನಿಂದ ಕಂದು ನೀರು ಇಳಿದರೆ, ಮೆತ್ತಗಿನ ಮರದ ಹಿಟ್ಟು ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ನನ್ನ ದೋಣಿ ರಿಪೇರಿಗೆ ಹೊನ್ನಾವರ ಕಡೆಯ ಒಬ್ಬ ಫೈಬರ್ ಕೆಲಸದವರು ಬಂದರು. ಒಳಗಿನ ಫೈಬರ್ ಕೊಯ್ದರೆ ಪ್ಲೈವುಡ್ ನೆನೆದ ತೌಡಿನ ಹಾಗೆ ಕೈಯಲ್ಲಿ ಬಂತು. ಅವರು ನಕ್ಕು "ಯಜಮಾನ್ರೇ, ಬಣ್ಣಕ್ಕೆ ದುಡ್ಡು ಕೊಟ್ರಿ ನೀವು" ಅಂದರು. ಎಲ್ಲಾ ಕೆರೆದು ತೆಗೆದು, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ 18 ಮಿಲಿಮೀಟರಿನದು ಎರಡು ಪದರ ಅಂಟಿಸಿ, ಮೇಲೆ ರೆಸಿನ್ ಮತ್ತು ಫೈಬರ್ ಮ್ಯಾಟ್ ಹಾಕಿದರು. ಬೋಲ್ಟಿನ ಪ್ರತಿ ತೂತಿಗೂ ಸೀಲಂಟ್ ತುಂಬಿದರು. ಇದಕ್ಕೇ 16,000 ಆಯಿತು.

ದೋಣಿಯ ಮೈ

ದೋಣಿಯನ್ನು ಬೋರಲು ಹಾಕಿಸಿ ನೋಡಿ. ಹೊಸ ಬಣ್ಣ ಇದ್ದರೆ ಅನುಮಾನ ಹೆಚ್ಚಬೇಕು. ಬಣ್ಣದ ಮೇಲೆ ಕೈ ಸವರಿದರೆ ತೇಪೆ ಹಾಕಿದ ಉಬ್ಬು ತಗ್ಗು ಗೊತ್ತಾಗುತ್ತದೆ. ಕೂದಲೆಳೆಯ ಸಣ್ಣ ಬಿರುಕು ಮೇಲ್ಪದರದಲ್ಲಿ ಮಾತ್ರ ಇದ್ದರೆ ಹೆದರಬೇಕಿಲ್ಲ. ನಕ್ಷತ್ರದ ಹಾಗೆ ಒಂದು ಬಿಂದುವಿನಿಂದ ಹರಡಿದ ಬಿರುಕು ಇದ್ದರೆ ಅಲ್ಲಿ ಕಲ್ಲಿನ ಪೆಟ್ಟು ಬಿದ್ದಿದೆ ಎಂದು ಅರ್ಥ, ಒಳಗಿನಿಂದಲೂ ನೋಡಬೇಕು. ಒಳಗೆ ಹತ್ತಿ ನಡೆಯಿರಿ. ಕಾಲ ಕೆಳಗೆ ತಳ ಮೆತ್ತಗೆ ಕುಸಿದರೆ ಒಳಗಿನ ಪಟ್ಟಿ ಕೊಳೆತಿದೆ. ತಳದಲ್ಲಿ ಫೋಮ್ ತುಂಬಿದ ದೋಣಿಯಾದರೆ ಅದು ನೀರು ಕುಡಿದಿರಬಹುದು. ಅಂಥದ್ದು ಎತ್ತುವಾಗಲೇ ಅಳತೆಗೆ ಮೀರಿದ ಭಾರ ತೋರಿಸುತ್ತದೆ.

ಎಂಜಿನ್ನಿನ ಕಾಲಿನ ಉದ್ದವೂ ದೋಣಿಗೆ ಹೊಂದಬೇಕು. ಸಣ್ಣ ಎಂಜಿನ್ನುಗಳಲ್ಲಿ 15 ಇಂಚಿನದು, 20 ಇಂಚಿನದು ಹೆಚ್ಚು. ಫ್ಯಾನಿನ ಮೇಲೆ ಒಂದು ಚಪ್ಪಟೆ ರೆಕ್ಕೆ ಇರುತ್ತದೆ. ಅದು ದೋಣಿಯ ತಳದ ಸಮಕ್ಕೆ ಬರಬೇಕು. ಬಹಳ ಮೇಲಿದ್ದರೆ ಫ್ಯಾನು ಗಾಳಿ ಕಡೆಯುತ್ತದೆ, ಕೆಳಗಿದ್ದರೆ ವೃಥಾ ಎಳೆತ.

ಎಂಜಿನ್: ತಣ್ಣಗಿರುವಾಗಲೇ ನೋಡಿ

ನನಗೆ ತೋರಿಸಿದ ಎಂಜಿನ್ ಒಂದೇ ಎಳೆತಕ್ಕೆ ಯಾಕೆ ಹತ್ತಿತು? ನಾನು ಹೋಗುವ ಮೊದಲೇ ಓಡಿಸಿ ಬಿಸಿ ಮಾಡಿದ್ದರು. ನಾನು ತಲೆ ಮುಟ್ಟಿ ನೋಡಲಿಲ್ಲ. ಮೊದಲು ಮುಚ್ಚಳ ತೆಗೆದು ಕೈ ಇಡಿ. ಬೆಚ್ಚಗಿದ್ದರೆ "ನಾಳೆ ಮುಂಜಾನೆ ಬರ್ತೀನ್ರಿ" ಎಂದು ಎದ್ದು ಬನ್ನಿ.

ಮುಂದೆ ಇವಿಷ್ಟು ನೋಡಬೇಕು.

1. ತಂಪಿನ ನೀರು: ಎಂಜಿನ್ ಹೊಳೆಯ ನೀರನ್ನೇ ಹೀರಿ ತನ್ನ ಮೈ ತಂಪು ಮಾಡಿಕೊಳ್ಳುತ್ತದೆ. ಓಡುವಾಗ ಹಿಂದಿನಿಂದ ಸಣ್ಣ ಧಾರೆ ಬಿಡದೆ ಹೊರಗೆ ಬೀಳುತ್ತಿರಬೇಕು. ಧಾರೆ ಸೋತರೆ ಒಳಗಿನ ರಬ್ಬರ್ ಚಕ್ರ ಸವೆದಿದೆ, ಇಲ್ಲವೇ ಸಮುದ್ರದ ಉಪ್ಪು ದಾರಿ ಕಟ್ಟಿದೆ. ನೀರಿಲ್ಲದೆ ಒಣಗೆ ಒಂದು ಗಳಿಗೆ ಓಡಿಸಿದರೂ ಆ ರಬ್ಬರ್ ಸುಡುತ್ತದೆ. ಹಳೇ ಎಂಜಿನ್ ಕೊಂಡ ಕೂಡಲೇ ಈ ಚಕ್ರ ಹೊಸದು ಹಾಕಿಸುವುದೇ ಚಲೋ.

2. ಗೇರ್ ಆಯಿಲ್: ಕಾಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಆಯಿಲ್ ಇಳಿಸಿ. ಚಹಾಕ್ಕೆ ಹಾಲು ಬಿದ್ದ ಹಾಗೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಲೋಹದ ಚೂರು ಕಂಡರೆ ಗೇರ್ ತಿಂದಿದೆ. ಮೀನಿನ ಬಲೆಯ ನೂಲು ಫ್ಯಾನಿನ ಹಿಂದೆ ಸುತ್ತಿಕೊಂಡು ಈ ಸೀಲನ್ನು ಕತ್ತರಿಸುತ್ತದೆ. ಕರಾವಳಿಯ ಹಳೇ ಎಂಜಿನ್ನಿನಲ್ಲಿ ಇದನ್ನು ಫ್ಯಾನು ಬಿಚ್ಚಿಯೇ ನೋಡಬೇಕು.

3. ಕಂಪ್ರೆಷನ್: ಮೆಕ್ಯಾನಿಕ್ಕಿನ ಹತ್ತಿರ ಗೇಜ್ ಇರುತ್ತದೆ. ಎರಡು ಸಿಲಿಂಡರಿನ ಒತ್ತಡದಲ್ಲಿ ನೂರಕ್ಕೆ 10-15ಕ್ಕಿಂತ ಹೆಚ್ಚು ಅಂತರ ಇರಬಾರದು. ಕರಾವಳಿಯಲ್ಲಿ ಎಷ್ಟೋ ಎಂಜಿನ್ನುಗಳನ್ನು ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆ ಎಣ್ಣೆಯಲ್ಲಿ ಓಡಿಸುತ್ತಾರೆ. ಅಂಥವುಗಳಲ್ಲಿ ಮಸಿ ಹೆಚ್ಚು ಕಟ್ಟಿರುತ್ತದೆ. ಯಾವ ಎಣ್ಣೆಯ ಎಂಜಿನ್ ಎಂದು ಕೇಳಿ ತಿಳಿಯಿರಿ.

4. ಪ್ಲಗ್ಗು: ತುದಿ ತಿಳಿ ಕಂದು ಇದ್ದರೆ ಒಳ್ಳೆಯದು. ಒದ್ದೆ ಮಸಿ ಇದ್ದರೆ ಎಣ್ಣೆ ಪೂರಾ ಉರಿಯುತ್ತಿಲ್ಲ. ಸುಣ್ಣದ ಹಾಗೆ ಬಿಳುಪಾಗಿದ್ದರೆ ಎಂಜಿನ್ ಕಾದಿದೆ.

5. ಎಣ್ಣೆಯ ಪೈಪು: ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರ ತನಕ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹಳೇ ಎಂಜಿನ್ನಿನ ಪೈಪು, ಕೈಯಿಂದ ಹಿಂಡುವ ರಬ್ಬರ್ ಉಂಡೆ ಎರಡನ್ನೂ ಬದಲಿಸಿ.

ನನ್ನ ಎಂಜಿನ್ನಿಗೆ ರಬ್ಬರ್ ಚಕ್ರ, ಸೀಲು, ಪೈಪು, ಕಾರ್ಬೊರೇಟರ್ ಸೇರಿ 11,400 ಹೋಯಿತು.

ಹೂಡಿ ನೋಡದೆ ಮುಂಗಡ ಕೊಡಬೇಡಿ

ಡ್ರಮ್ಮಿನಲ್ಲಿ ಓಡಿದ ಎಂಜಿನ್ ಗೋದಲಿಯಲ್ಲಿ ನಿಂತ ಎತ್ತಿನ ಹಾಗೆ. ಭಾರ ಎಳೆದಾಗಲೇ ಅದರ ಗುಣ ಗೊತ್ತಾಗುವುದು. ದೋಣಿಯನ್ನು ನೀರಿಗೆ ಇಳಿಸಿ, ನಿಮ್ಮ ಕೆಲಸಕ್ಕೆ ಎಷ್ಟು ಭಾರವೋ ಅಷ್ಟು ಮರಳಿನ ಚೀಲ ಹೇರಿ, ಅರ್ಧ ತಾಸು ಓಡಿಸಿ. ಪೂರಾ ವೇಗ ಕೊಟ್ಟು ನೋಡಿ. ಹಿಂದಕ್ಕೆ ಓಡಿಸಿ. ಬಂದ್ ಮಾಡಿ, ಬಿಸಿಯಲ್ಲೇ ಮತ್ತೆ ಶುರು ಮಾಡಿ. ತಂಪಿನ ಧಾರೆ ಕಡೆ ತನಕ ಬೀಳುತ್ತದೆಯೇ ನೋಡಿ. ಒಬ್ಬರು ಹಿಂಬದಿ ಹಲಗೆಯ ಮೇಲೆಯೇ ಕಣ್ಣಿಟ್ಟು ಕೂರಬೇಕು. ದಂಡೆಗೆ ಬಂದ ಮೇಲೆ ತಳದಲ್ಲಿ ಎಷ್ಟು ನೀರು ಸೇರಿದೆ ನೋಡಿ. ಇದಕ್ಕೆ ಒಪ್ಪದ ಮಾರಾಟಗಾರನ ಹತ್ತಿರ ವ್ಯಾಪಾರ ಬೇಡ.

ಕಾಗದವೂ ಮುಖ್ಯ. ಎಂಜಿನ್ ನಂಬರ್ ಕಚ್ಚುವ ಬ್ರಾಕೆಟ್ಟಿನ ಮೇಲೆ ಇರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಕದ್ದ ಮಾಲು ಇರಬಹುದು. ನಂಬರ್ ಸಮೇತ ಮಾರಾಟದ ಪತ್ರ ಬರೆಸಿಕೊಳ್ಳಿ. 1917ರ ಹಳೇ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಒಳನಾಡು ನೀರಿನಲ್ಲಿ ಓಡುವ ಯಂತ್ರದ ದೋಣಿಗೆ ಸರ್ವೆ ಮತ್ತು ನೋಂದಣಿ ಬೇಕು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ಕೊಳ್ಳುವ ಮೊದಲೇ ವಿಚಾರಿಸಿ. ಕೊಂಡ ಮೇಲೆ ಓಡಾಡುವುದು ಕಷ್ಟ, ಅದೂ ನನ್ನ ಅನುಭವ.

ಎಷ್ಟು ಜನ ಕೂರಬಹುದು

20 ಅಡಿಗಿಂತ ಚಿಕ್ಕ ದೋಣಿಗೆ ಅಮೆರಿಕದಲ್ಲಿ ಬಳಸುವ ಒಂದು ಸರಳ ಲೆಕ್ಕ ಇದೆ. ಉದ್ದದ ಅಡಿಯನ್ನು ಅಗಲದ ಅಡಿಯಿಂದ ಗುಣಿಸಿ 15ರಿಂದ ಭಾಗಿಸಬೇಕು. ನನ್ನ ದೋಣಿಗೆ 18 ಗುಣಿಸು 5, ಅಂದರೆ 90. ಭಾಗಿಸು 15, ಅಂದರೆ 6 ಜನ. ಇದು ಗಾಳಿ ಅಲೆ ಇಲ್ಲದ ದಿನದ ಲೆಕ್ಕ. ಆ ದಿನ ನಾವು ಆರು ಜನ ಇದ್ದೆವು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. 60 ಕಿಲೋ ಬೀಜವೂ ಒಬ್ಬ ಆಳೇ ಎಂದು ಆಮೇಲೆ ಹೊಳೆಯಿತು. ಈಗ ನಾಲ್ಕು ಜನ, ಒಂದು ಚೀಲ. ಉಳಿದದ್ದು ಎರಡನೇ ಸುತ್ತಿಗೆ.

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತದ್ದು ಪೇಪರಿನಲ್ಲಿ ಓದಿದಾಗ ನನ್ನ ಕೈ ನಡುಗಿತು. ಹೆಚ್ಚು ಜನ ಹೇರುವುದು, ಜಾಕೆಟ್ ಇಲ್ಲದಿರುವುದು, ಗಾಬರಿಗೆ ಎಲ್ಲರೂ ಒಂದೇ ಕಡೆ ಸರಿಯುವುದು, ಈ ಮೂರು ಕೂಡಿದರೆ ಈಜು ಬಂದರೂ ಕಷ್ಟ.

ಒಂದು ಜಾಕೆಟ್ 900ರಂತೆ ಆರು ಕೊಂಡೆ. ಎರಡು ಹುಟ್ಟು, 20 ಮೀಟರ್ ಹಗ್ಗ, ಲಂಗರು, ನೀರು ತೋಡುವ ಡಬ್ಬಿ, ಇವಕ್ಕೆ 2,200. ಎಂಜಿನ್ ಬಂದ್ ಮಾಡುವ ಕೆಂಪು ದಾರವನ್ನು ಕೈಗೆ ಕಟ್ಟಿಕೊಳ್ಳದೆ ಹಗ್ಗ ಎಳೆಯುವುದಿಲ್ಲ. ಚಾಲಕ ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ, ಫ್ಯಾನು ಮೈಮೇಲೆ ಬರುವುದಿಲ್ಲ.

ಹಿನ್ನೀರಿನಲ್ಲಿ ಇನ್ನೊಂದು ಅಪಾಯ ಇದೆ. ನೀರ ಕೆಳಗೆ ನಮ್ಮದೇ ಹಳೇ ಊರು ಮಲಗಿದೆ. ಜಾಲಿಯ ಬೊಡ್ಡೆ, ಬಾವಿಯ ಕಟ್ಟೆ, ಗೋಡೆ. ನೀರು ಇಳಿಯುವ ಕಾಲಕ್ಕೆ ಇವು ಒಂದೆರಡು ಅಡಿ ಕೆಳಗೆ ಇರುತ್ತವೆ. ಬೇಸಿಗೆಯಲ್ಲಿ ಒಣಗಿದಾಗ ನಡೆದು ದಾರಿ ಗುರುತು ಮಾಡಿಕೊಂಡಿದ್ದೇನೆ.

ಓಡಿಸುವುದು, ನಿಲ್ಲಿಸುವುದು

ಎರಡು ಸ್ಟ್ರೋಕಿನ ಹೆಚ್ಚಿನ ಎಂಜಿನ್ನಿಗೆ 50 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದರಂತೆ. ಬೈಕಿನ ಆಯಿಲ್ ಅಲ್ಲ, ಟಿಸಿ-ಡಬ್ಲ್ಯು3 ಗುರುತಿನದು. ಹೋಗಿ ಬರಲು ನನಗೆ ಮುಕ್ಕಾಲರಿಂದ ಒಂದು ಲೀಟರ್ ಆಗುತ್ತದೆ. ದಾಟಲು ಹತ್ತು ಹನ್ನೆರಡು ನಿಮಿಷ.

ನೀರು ಇಳಿದ ಮೇಲೆ ಆರು ತಿಂಗಳು ದೋಣಿಗೆ ರಜೆ. ಟ್ಯಾಂಕು, ಕಾರ್ಬೊರೇಟರಿನ ಪೆಟ್ರೋಲ್ ಪೂರಾ ಇಳಿಸುತ್ತೇನೆ. ಗೇರ್ ಆಯಿಲ್ ಬದಲಿಸುತ್ತೇನೆ. ಎಂಜಿನ್ ಬಿಚ್ಚಿ ಮನೆಯೊಳಗೆ ನೆಟ್ಟಗೆ ನಿಲ್ಲಿಸುತ್ತೇನೆ. ಮುಚ್ಚಳದೊಳಗೆ ಇಲಿ ಗೂಡು ಕಟ್ಟಿ ಪೈಪು ಕಡಿದದ್ದುಂಟು, ಅದಕ್ಕೆ ತೂತುಗಳಿಗೆ ಬಟ್ಟೆ ತುರುಕುತ್ತೇನೆ. ದೋಣಿ ಕಲ್ಲುಗಳ ಮೇಲೆ ಬೋರಲಾಗಿ ಬೇವಿನ ನೆರಳಿನಲ್ಲಿ ಇರುತ್ತದೆ. ಮೊದಲ ಮಳೆಗೆ ಮುಂಚೆ ಸುತ್ತಿಗೆ ಹಿಡಿದು ಹಿಂಬದಿ ಹಲಗೆಯನ್ನು ಮತ್ತೆ ತಟ್ಟುತ್ತೇನೆ.

ಒಟ್ಟು ಲೆಕ್ಕ

ದೋಣಿ, ಎಂಜಿನ್ 78,000. ಲಾರಿ 9,000. ಹಲಗೆ, ಎಂಜಿನ್ ರಿಪೇರಿ 27,400. ಜಾಕೆಟ್, ಹುಟ್ಟು, ಹಗ್ಗ 7,600. ಒಟ್ಟು 1,22,000 ರೂಪಾಯಿ. 78,000ಕ್ಕೆ ಸಿಕ್ಕಿತು ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದು ಸುಳ್ಳಾಯಿತು. ಹಳೇ ದೋಣಿಗೆ ಒಂದು ಲಕ್ಷ ಇಟ್ಟುಕೊಂಡವರು 65,000ದ ದೋಣಿ ಹುಡುಕಬೇಕು. ಉಳಿದದ್ದು ಕಿಸೆಯಲ್ಲಿ ಇರಬೇಕು, ಅದು ಖರ್ಚಾಗಿಯೇ ಆಗುತ್ತದೆ. ಒಬ್ಬ ತಿಳಿದ ಮೆಕ್ಯಾನಿಕ್ಕನ್ನು ಬಸ್ ಚಾರ್ಜು, ದಿನದ ಪಗಾರ ಕೊಟ್ಟು ಕರೆದೊಯ್ದಿದ್ದರೆ ಎರಡು ಸಾವಿರದಲ್ಲಿ ಮುಗಿಯುತ್ತಿತ್ತು.

ಅದೇ ದೋಣಿ ಈಗಲೂ ಓಡುತ್ತಿದೆ. ಹಿಂಗಾರಿ ತಪ್ಪಿಲ್ಲ. ಆದರೆ ಆ ದಿನ ದೋಣಿಯಲ್ಲಿದ್ದ ನಾಲ್ವರಲ್ಲಿ ಒಬ್ಬ ಹಿರಿಯ ತಾಯಿ ಮತ್ತೆ ದೋಣಿ ಹತ್ತಲಿಲ್ಲ. ಬಿತ್ತಿಗೆ ಇದ್ದ ದಿನ ಬಸ್ಸು ಹಿಡಿದು, ಇಳಿದು, ನಡೆದು ಬರುತ್ತಾಳೆ. ಹೊತ್ತು ಏರಿರುತ್ತದೆ. "ನನ್ನ ಅರ್ಧಾ ದಿನದ ಕೂಲಿ ಹಿಡಕೋರಿ" ಎನ್ನುತ್ತಾಳೆ. ನಾನು ಪೂರಾ ಕೂಲಿ ಕೊಡುತ್ತೇನೆ. ಅದು ನಾನು ಹಲಗೆ ತಟ್ಟದೆ ಉಳಿಸಿಕೊಂಡ ಸಾಲ.